ಪ್ಯಾನೆಲ್ ಹೊರಗಿಂದ ಎಲ್ಲಾ ಒಂದೇ ಥರ: ಓದುಗರ ಸೋಲಾರ್ ಪ್ರಶ್ನೆಗಳು

ಹೋದ ಸಂಚಿಕೇಲಿ ಸಂಪಾದಕರು "ಸೋಲಾರ್ ಬಗ್ಗೆ ಕೇಳೋದಿದ್ರೆ ಬರೀರಿ" ಅಂತ ಒಂದು ಮೂಲೇಲಿ ಎರಡು ಸಾಲು ಹಾಕಿದ್ದೇ ಹಾಕಿದ್ದು, ಮುಂಬೈ, ಪುಣೆ, ಗೋವಾ ಎಲ್ಲಾ ಕಡೆಯಿಂದ ಪತ್ರ, ವಾಟ್ಸಾಪ್ ಮೆಸೇಜು, ಎರಡು ವಾಯ್ಸ್ ನೋಟು ಕೂಡ ಬಂದಿವೆ. ಅರ್ಧಕ್ಕರ್ಧ "ಸಬ್ಸಿಡಿ ದುಡ್ಡು ಯಾವಾಗ ಬರುತ್ತೆ" ಅನ್ನೋವು, ಅದು ನನ್ನ ಕೈಲಿಲ್ಲ, ಪಕ್ಕಕ್ಕಿಟ್ಟಿದ್ದೀನಿ. ನಾನು ಗದಗಿನವಳು, ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು, ಅದ್ರಲ್ಲಿ ಹದಿಮೂರು ವರ್ಷ ಚಾಕಣ್ ಕಡೆ ಒಂದು ಪ್ಯಾನೆಲ್ ಫ್ಯಾಕ್ಟರಿಯ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲೇ ಕಳೀತು. ಹಾಗಾಗಿ ಪ್ಯಾನೆಲ್ ಹೇಗೆ ತಯಾರಾಗುತ್ತೆ, ಹೇಗೆ ಚೆಕ್ ಮಾಡ್ತಾರೆ, ಎಲ್ಲಿ ಕೈಕೊಡುತ್ತೆ ಅನ್ನೋ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡೆ.

ಪ್ರಶ್ನೆ (ಡೊಂಬಿವಲಿ, ಹೌಸಿಂಗ್ ಸೊಸೈಟಿ ಸೆಕ್ರೆಟರಿ): ಮೇಡಂ, ನಮ್ಮ ಸೊಸೈಟಿ ಟೆರೇಸ್ ಮೇಲೆ 40 ಕಿಲೋವ್ಯಾಟ್ ಹಾಕಿಸ್ತಾ ಇದ್ದೀವಿ. ಮೂರು ಕೊಟೇಶನ್ ಬಂದಿವೆ. ಮೂವರೂ ಐಇಸಿ ಸರ್ಟಿಫಿಕೇಟ್, ಬಿಐಎಸ್ ಸರ್ಟಿಫಿಕೇಟ್ ಎಲ್ಲಾ ಕಲರ್ ಪ್ರಿಂಟ್ ಹಾಕಿಸಿ ಫೈಲ್ ಮಾಡಿ ಕೊಟ್ಟಿದ್ದಾರೆ, ಆದ್ರೆ ರೇಟಲ್ಲಿ ಮಾತ್ರ ತುಂಬಾ ವ್ಯತ್ಯಾಸ. ಸರ್ಟಿಫಿಕೇಟ್ ಎಲ್ರದ್ದೂ ಒಂದೇ ಅಂದ್ಮೇಲೆ ಕಡಿಮೆ ರೇಟಿಂದು ತಗೊಂಡ್ರೆ ಆಯ್ತಲ್ವಾ? ಕಮಿಟೀಲಿ ಇದೇ ಜಗಳ.

ಉತ್ತರ: ಜಗಳ ಆಗ್ಲಿ ಬಿಡಿ ಸಾರ್, ಇದು ಜಗಳ ಮಾಡಬೇಕಾದ ವಿಷಯಾನೇ. ಆ ಸರ್ಟಿಫಿಕೇಟ್ ಸುಳ್ಳಲ್ಲ, ಆದ್ರೆ ಅದು ಏನು ಹೇಳುತ್ತೆ ಅಂತ ಕೊಡೋರೂ ಹೇಳಲ್ಲ, ತಗೊಳ್ಳೋರೂ ಕೇಳಲ್ಲ. ಐಇಸಿ ಅಂದ್ರೆ ಅಂತರರಾಷ್ಟ್ರೀಯ ಮಾನದಂಡ, ಬಿಐಎಸ್ ನಮ್ಮ ದೇಶದ್ದು. ಐಇಸಿ 61215 ಅನ್ನೋದು ಡಿಸೈನ್ ಪರೀಕ್ಷೆ, 61730 ಅನ್ನೋದು ಸೇಫ್ಟಿ ಪರೀಕ್ಷೆ. ಕಂಪನಿಯವರು ಒಂದು ಮಾಡೆಲ್‌ದು ಹತ್ತರ ಆಸುಪಾಸು ಪ್ಯಾನೆಲ್ ಲ್ಯಾಬಿಗೆ ಕಳಿಸ್ತಾರೆ, ಅಲ್ಲಿ ಅವನ್ನ ಹಂಚಿಕೊಂಡು ಬೇರೆ ಬೇರೆ ಥರ ಗೋಳು ಹೊಯ್ಕೋತಾರೆ. ಕೆಲವನ್ನ ಚೇಂಬರಲ್ಲಿಟ್ಟು ಮೈನಸ್ 40 ಡಿಗ್ರಿಯಿಂದ ಪ್ಲಸ್ 85 ಡಿಗ್ರಿಗೆ, ಮತ್ತೆ ವಾಪಸ್ಸು, ಹೀಗೆ 200 ಸಲ. ಇನ್ನು ಕೆಲವನ್ನ 85 ಡಿಗ್ರಿ ಬಿಸಿ, 85 ಪರ್ಸೆಂಟ್ ತೇವದಲ್ಲಿ 1000 ಗಂಟೆ ಇಡ್ತಾರೆ, ಅಂದ್ರೆ ಹತ್ತಿರ ಹತ್ತಿರ 42 ದಿನ. ಮುಂಬೈ ಅಕ್ಟೋಬರ್ ಸೆಕೆ ಅದರ ಮುಂದೆ ಏನೂ ಅಲ್ಲ. ಇನ್ನೊಂದಕ್ಕೆ 25 ಮಿಲಿಮೀಟರ್ ಐಸ್ ಉಂಡೆ ಮಾಡಿ ಸೆಕೆಂಡಿಗೆ 23 ಮೀಟರ್ ಸ್ಪೀಡಲ್ಲಿ 11 ಜಾಗಕ್ಕೆ ಹೊಡೀತಾರೆ, ನಮ್ಮ ಪುಣೇಲಿ ಏಪ್ರಿಲ್ ಮೇನಲ್ಲಿ ಗಾರಪೀಟ್ ಅಂತಾರಲ್ಲ, ಆಲಿಕಲ್ಲು, ಅದರ ನಕಲು. ಮೇಲೆ ಭಾರ ಹೇರಿ ಗಾಜು ಬಗ್ಗಿಸೋ ಪರೀಕ್ಷೆನೂ ಉಂಟು. ಇಷ್ಟೆಲ್ಲಾ ಅನುಭವಿಸಿದ ಮೇಲೂ ಪವರ್ 5 ಪರ್ಸೆಂಟಿಗಿಂತ ಜಾಸ್ತಿ ಬೀಳಬಾರದು, ಕರೆಂಟ್ ಲೀಕ್ ಆಗಬಾರದು, ಆಗ ಪಾಸು.

ಈಗ ನೋಡಿ, ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಿ, ಅದು ಸರಿ, ಆದ್ರೆ ಇಲ್ಲಿ ಅಗುಳು ಹಿಸುಕಿದ್ದು ಎರಡು ವರ್ಷದ ಹಿಂದೆ ಬೇರೆ ಪಾತ್ರೇಲಿ, ನಿಮಗೆ ಬಡಿಸ್ತಾ ಇರೋದು ಇವತ್ತಿನ ಪಾತ್ರೆಯಿಂದ. ಲ್ಯಾಬಿಗೆ ಹೋದ ಪ್ಯಾನೆಲಲ್ಲಿ ಯಾವ ಕಂಪನಿ ಇವಿಎ ಶೀಟ್ (ಒಳಗಿನ ಅಂಟು ಪದರ) ಇತ್ತು, ಯಾವ ಬ್ಯಾಕ್‌ಶೀಟ್, ಯಾವ ಸೆಲ್, ಯಾವ ಜಂಕ್ಷನ್ ಬಾಕ್ಸ್, ಅದೇ ನಿಮ್ಮ ಪ್ಯಾನೆಲಲ್ಲೂ ಇರಬೇಕು. ಅದರ ಪಟ್ಟಿಗೆ ಲೈನ್ ಮೇಲೆ ನಾವು ಬಿಒಎಂ ಅಂತೀವಿ, ಸರ್ಟಿಫಿಕೇಟ್ ಜೊತೆ ಇರೋ ರಿಪೋರ್ಟಲ್ಲಿ ಎಲ್ಲಾ ಬರೆದಿರುತ್ತೆ. ಮುಖಪುಟ ಒಂದೇ ಕೊಟ್ಟು ರಿಪೋರ್ಟ್ ಕೊಡದೇ ಇರೋರ ಹತ್ರ "ಪೂರ್ತಿ ರಿಪೋರ್ಟ್ ಕೊಡಿ, ಬಿಒಎಂ ಪೇಜು ಬೇಕು" ಅನ್ನಿ. ರೇಟಿನ ವ್ಯತ್ಯಾಸ ಬಹಳ ಸಲ ಅಲ್ಲೇ ಇರುತ್ತೆ. ಹಿಂದಿನ ಬಿಳೀ ಶೀಟು ಬಿಸಿಲು ತಡೆಯೋ ಫ್ಲೋರೋಪಾಲಿಮರ್ ಪದರ ಇರೋದಾ ಬರೀ ಪಿಇಟಿ ಪ್ಲಾಸ್ಟಿಕ್ಕಾ ಅಂತ ಕಣ್ಣಲ್ಲಿ ನೋಡಿ ಯಾರಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಕೆಲವು ವರ್ಷ ಬಿಸಿಲು ತಿಂದ ಮೇಲೆ ಬರೀ ಪಿಇಟಿದು ಹಳದಿಯಾಗಿ ಪುಡಿ ಉದುರೋಕೆ ಶುರುವಾದಾಗ ಎಲ್ಲರಿಗೂ ಗೊತ್ತಾಗುತ್ತೆ.

ಎರಡನೇದು, ನಿಮಗೆ ಬರೋ ಪ್ಯಾನೆಲ್‌ಗಳದ್ದೇ ಕಾಗದ ಕೇಳಿ. 540 ವ್ಯಾಟಿಂದು ಅಂದ್ರೆ 74 ಪ್ಯಾನೆಲ್ ಬರುತ್ತೆ. ಪ್ರತಿಯೊಂದರ ಗಾಜಿನ ಒಳಗೆ ಸೀರಿಯಲ್ ನಂಬರಿನ ಬಾರ್‌ಕೋಡ್ ಇರುತ್ತೆ, ಆರ್‌ಎಫ್‌ಐಡಿ ಟ್ಯಾಗೂ ಇರುತ್ತೆ. ಆ 74 ನಂಬರಿಗೂ ಫ್ಲಾಶ್ ರಿಪೋರ್ಟು (ಎಷ್ಟು ವ್ಯಾಟ್ ಅಂತ ಅಳೆದ ಲೆಕ್ಕ) ಮತ್ತೆ ಇಎಲ್ ಫೋಟೋ (ಒಳಗಿನ ಬಿರುಕು ತೋರಿಸೋ ಚಿತ್ರ) ಫ್ಯಾಕ್ಟರಿಯ ಕಂಪ್ಯೂಟರಲ್ಲಿ ಇದ್ದೇ ಇರುತ್ತೆ, ಇಲ್ಲ ಅಂದ್ರೆ ಸುಳ್ಳು, ಯಾಕಂದ್ರೆ ಇವತ್ತಿನ ಆಟೊಮ್ಯಾಟಿಕ್ ಲೈನಲ್ಲಿ ಅದಿಲ್ಲದೆ ಪ್ಯಾನೆಲ್ ಮುಂದಕ್ಕೇ ಹೋಗಲ್ಲ. ಪರ್ಚೇಸ್ ಆರ್ಡರಲ್ಲೇ ಒಂದು ಸಾಲು ಹಾಕಿಬಿಡಿ: ಸೀರಿಯಲ್ ಪ್ರಕಾರ ಫ್ಲಾಶ್ ಡೇಟಾ, ಇಎಲ್ ಇಮೇಜು ಮಾಲಿನ ಜೊತೆ ಬರಬೇಕು, ಬರದಿದ್ರೆ ಕೊನೇ ಕಂತು ಇಲ್ಲ. ಆರ್ಡರ್ ಕೊಟ್ಟಾದ ಮೇಲೆ ಕೇಳಿದ್ರೆ ಯಾರೂ ಫೋನ್ ಎತ್ತಲ್ಲ.

ಇನ್ನೊಂದು, ನೀವು ಪಿಎಂ ಸೂರ್ಯ ಘರ್ ಯೋಜನೇಲಿ ಮಾಡಿಸ್ತಾ ಇದ್ರೆ ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದ್ರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಅದು ಸ್ವಲ್ಪ ದುಬಾರಿ. ಮೂರು ಕೊಟೇಶನಲ್ಲಿ ಒಬ್ಬರು ಡಿಸಿಆರ್ ಹಾಕಿ ಇನ್ನಿಬ್ಬರು ಹಾಕಿಲ್ಲ ಅಂದ್ರೆ ನೀವು ಹೋಲಿಸ್ತಾ ಇರೋದು ಹಲಸಿನಹಣ್ಣು ಮತ್ತೆ ಮಾವಿನಹಣ್ಣು. ಮೊದಲು ಅದನ್ನ ನೋಡಿ, ಆಮೇಲೆ ಕಮಿಟೀಲಿ ಜಗಳ ಮುಂದುವರಿಸಿ.

ಪ್ರಶ್ನೆ (ಪಿಂಪ್ರಿ, ಗೃಹಿಣಿ): ನಮ್ಮನೆ ಮೇಲೆ 3 ಕಿಲೋವ್ಯಾಟ್ ಹಾಕಿಸಿದ್ವಿ. ನಮ್ಮ ಯಜಮಾನ್ರು ಹಠ ಹಿಡಿದು ಪ್ಯಾನೆಲ್‌ಗಳ ಇಎಲ್ ಫೋಟೋ ತರಿಸಿಕೊಂಡ್ರು. ನೋಡಿದ್ರೆ ಎಕ್ಸ್‌ರೇ ಥರ ಇದೆ, ಕೆಲವು ಕಡೆ ಕಪ್ಪು ಕಪ್ಪು ಗೆರೆ. ಡಾಕ್ಟರ್ ಹತ್ರ ತೋರಿಸಬೇಕಾ ಅಂತ ಮಗಳು ನಗ್ತಾಳೆ. ಏನು ನೋಡಬೇಕು ಇದರಲ್ಲಿ?

ಉತ್ತರ: ಮಗಳು ಸರಿಯಾಗೇ ಹೇಳಿದಾಳೆ ಅಕ್ಕ, ಅದು ಎಕ್ಸ್‌ರೇ ಇದ್ದ ಹಾಗೇನೇ. ನಾನು ಈ ಪ್ರಶ್ನೆಗೇ ಕಾಯ್ತಿದ್ದೆ, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಸೆಲ್ ಬಿಸಿಲು ತಗೊಂಡು ಕರೆಂಟ್ ಕೊಡುತ್ತಲ್ಲ, ಅದನ್ನ ಉಲ್ಟಾ ಮಾಡಿ ಕತ್ತಲೇಲಿ ನಾವೇ ಅದಕ್ಕೆ ಕರೆಂಟ್ ಕೊಟ್ರೆ ಸೆಲ್ಲು ಬೆಳಗುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, 1150 ನ್ಯಾನೊಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕು ಅದು, ಅದಕ್ಕೇ ಅಂತ ಇರೋ ಕ್ಯಾಮೆರಾಗೆ ಕಾಣುತ್ತೆ. ಅದೇ ಎಲೆಕ್ಟ್ರೋಲ್ಯೂಮಿನೆಸೆನ್ಸ್, ನಾವು ಇಎಲ್ ಅಂತೀವಿ. ಚೆನ್ನಾಗಿರೋ ಜಾಗ ಬೆಳ್ಳಗೆ ಬರುತ್ತೆ, ಕರೆಂಟ್ ತಲುಪದ ಜಾಗ ಕಪ್ಪಗೆ. ಸೆಲ್ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೂ ಗೆರೆ ಬರುತ್ತೆ.

ಬಿರುಕು ಯಾಕೆ ಬರುತ್ತೆ ಅಂದ್ರೆ ಆ ಸಿಲಿಕಾನ್ ಬಿಲ್ಲೆ ಇರೋದೇ 150 ಮೈಕ್ರಾನ್ ಆಸುಪಾಸು ದಪ್ಪ, ಅಂದ್ರೆ ಒಂದು ಮಿಲಿಮೀಟರಲ್ಲಿ ಆರು ಜೋಡಿಸಬಹುದು. ನಮ್ಮ ಕಡೆ ಗದಗಿಂದ ಪುಣೆಗೆ ಬರುವಾಗ ಅವ್ವ ಖಡಕ್ ರೊಟ್ಟಿ ಬಟ್ಟೇಲಿ ಗಂಟು ಕಟ್ಟಿ ಕೊಡ್ತಿದ್ಲು, ಸ್ವಾರಗೇಟಲ್ಲಿ ಇಳಿದು ನೋಡಿದ್ರೆ ಗಂಟು ಹಾಗೇ ದುಂಡಗೆ ಇರೋದು, ಬಿಚ್ಚಿದ್ರೆ ಒಳಗೆ ನಾಲ್ಕು ರೊಟ್ಟಿ ಚೂರು. ಪ್ಯಾನೆಲ್ಲೂ ಅಷ್ಟೇ. ಮೇಲೆ ಗಾಜು, ಕೆಳಗೆ ಶೀಟು, ಮಧ್ಯ ಅಂಟು, ಸುತ್ತ ಅಲ್ಯೂಮಿನಿಯಂ ಫ್ರೇಮು, ಒಳಗಿನ ಬಿಲ್ಲೆ ಒಡೆದ್ರೂ ಹೊರಗೆ ಏನೂ ಕಾಣಲ್ಲ, ಹೊಸದರಲ್ಲಿ ಪವರ್ ಕೂಡ ಕಡಿಮೆ ಆಗಲ್ಲ, ಯಾಕಂದ್ರೆ ಒಡೆದ ಚೂರುಗಳು ಇನ್ನೂ ಒಂದಕ್ಕೊಂದು ತಾಗಿಕೊಂಡೇ ಇರ್ತಾವೆ. ಹಗಲು ಬಿಸಿ ರಾತ್ರಿ ತಂಪು, ಹಿಗ್ಗೋದು ಕುಗ್ಗೋದು, ಗಾಳಿಗೆ ಅಲುಗೋದು, ಹೀಗೆ ಆಗ್ತಾ ಆಗ್ತಾ ಚೂರು ಬೇರೆಯಾಗುತ್ತೆ, ಆಗ ಆ ತುಂಡಿನ ಕರೆಂಟು ಹೋಯ್ತು.

ಹಾಗಂತ ಎಲ್ಲಾ ಗೆರೇನೂ ಕೆಟ್ಟದ್ದಲ್ಲ. ಸೆಲ್ ಮೇಲೆ ಉದ್ದಕ್ಕೆ ಕಾಣೋ ಸಮಾನ ಗೆರೆಗಳು ಬಸ್‌ಬಾರ್, ಅದು ತಂತಿ, ಕಪ್ಪಗೇ ಬರುತ್ತೆ. ಸಣ್ಣ ಸಣ್ಣ ಕಪ್ಪು ಗೀಟು ಬ್ರಶ್ ಎಳೆದ ಹಾಗೆ ಇದ್ರೆ ಬೆಳ್ಳಿಯ ಫಿಂಗರ್, ಅಂದ್ರೆ ಕರೆಂಟ್ ಸೇರಿಸೋ ಸಣ್ಣ ಗೆರೆ, ಕಟ್ ಆಗಿರುತ್ತೆ, ಒಂದೆರಡು ಇದ್ರೆ ತಲೆ ಕೆಡಿಸ್ಕೋಬೇಡಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡೋ ವಕ್ರ ಗೆರೆ ಬಿರುಕು. ಗೆರೆಯ ಒಂದು ಪಕ್ಕ ಪೂರ್ತಿ ಕಪ್ಪಾಗಿದ್ರೆ ಆ ತುಂಡು ಆಗಲೇ ಸತ್ತಿದೆ, ಅದನ್ನ ಬದಲಾಯಿಸಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಪ್ಯಾನೆಲಿನ ಮೂರನೇ ಒಂದು ಭಾಗ ಪೂರ್ತಿ ಕಪ್ಪಗಿದ್ರೆ ಆ ಭಾಗದ ಡಯೋಡು, ಅಂದ್ರೆ ನೆರಳಾದಾಗ ಕರೆಂಟನ್ನ ಬೇರೆ ದಾರಿಗೆ ಬಿಡೋ ಭಾಗ, ಶಾರ್ಟ್ ಆಗಿರಬೇಕು. ಈಗಿನ ಪ್ಯಾನೆಲಲ್ಲಿ ಸೆಲ್ಲನ್ನ ಅರ್ಧ ಕತ್ತರಿಸಿ ಹತ್ತರ ಮೇಲೆ ಬಸ್‌ಬಾರ್ ಹಾಕಿರ್ತಾರೆ, ಅದಕ್ಕೆ ಬಿರುಕಿನ ಏಟು ಮೊದಲಿನಷ್ಟು ಜೋರಾಗಿ ಬೀಳಲ್ಲ. ಅರ್ಧ ಕತ್ತರಿಸೋದ್ರಿಂದ ಕರೆಂಟು ಅರ್ಧ ಆಗಿ ತಂತಿಯಲ್ಲಿ ಬಿಸಿಯಾಗಿ ಹೋಗೋ ನಷ್ಟ ಕಾಲು ಭಾಗಕ್ಕೆ ಇಳಿಯುತ್ತೆ, ಅದು ಬೇರೆ ಲಾಭ.

ಈಗ ನನ್ನ ಒಂದು ಕಥೆ. ಸಾತಾರಾ ಕಡೆ ಒಂದು ಸೈಟಿಗೆ ನಮ್ಮ ಮಾಲು ಹೋಗಿತ್ತು, ಇಎಲ್ ಫೋಟೋಗೆ ಸಹಿ ಹಾಕಿದ್ದು ನಾನೇ, ಒಂದೂ ಗೆರೆ ಇರಲಿಲ್ಲ. ಎಂಟು ತಿಂಗಳಿಗೆ ಕಂಪ್ಲೇಂಟು, ಜನರೇಶನ್ ಬೀಳ್ತಾ ಇದೆ ಅಂತ. ರಾತ್ರಿ ಹೊತ್ತು ಪೋರ್ಟಬಲ್ ಇಎಲ್ ಕ್ಯಾಮೆರಾ ತಗೊಂಡು ಹೋದ್ವಿ, ಸೊಳ್ಳೆ ಕಡಿಸಿಕೊಂಡು ಒಂದೊಂದೇ ಪ್ಯಾನೆಲ್ ಫೋಟೋ ತೆಗೆದ್ರೆ ಸೆಲ್ ಮಧ್ಯದಲ್ಲಿ ಗುಣಾಕಾರ ಚಿಹ್ನೆ ಹಾಕಿದ ಹಾಗೆ ಬಿರುಕು, ಅದೂ ಸಾಲಾಗಿ, ಒಂದು ಪ್ಯಾನೆಲಿಂದ ಇನ್ನೊಂದಕ್ಕೆ, ಹೆಜ್ಜೆ ಗುರುತಿನ ಹಾಗೆ. ಹೆಜ್ಜೆ ಗುರುತೇ ಅದು. ತೊಳೆಯೋಕೆ ಬಂದ ಹುಡುಗರು ಪ್ಯಾನೆಲ್ ಮೇಲೇ ನಡೆದಾಡ್ತಿದ್ರು. "ಗಾಜು ಗಟ್ಟಿ ಇದೆ ಮೇಡಂ, ಏನೂ ಆಗಿಲ್ಲ ನೋಡಿ" ಅಂತ ಒಬ್ಬ ಹುಡುಗ ನನ್ನ ಮುಂದೇನೇ ಹತ್ತಿ ನಿಂತ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ, ಅವನಿಗೆ ಯಾರೂ ಹೇಳೇ ಇರಲಿಲ್ಲ. ಐಐಟಿ ಬಾಂಬೆಯ ಎನ್‌ಸಿಪಿಆರ್‌ಇ ಅನ್ನೋ ಸೋಲಾರ್ ಸಂಶೋಧನಾ ಕೇಂದ್ರ ಮತ್ತೆ ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಸೇರಿ 2013ರಿಂದ ದೇಶ ಪೂರ್ತಿ ಸುತ್ತಿ ಹಳೇ ಪ್ಯಾನೆಲ್‌ಗಳ ಸರ್ವೆ ಮಾಡಿದ್ದಾರೆ, ದೊಡ್ಡ ಪ್ಲಾಂಟಿಗಿಂತ ಸಣ್ಣ ಮನೆ ಟೆರೇಸಿನ ಪ್ಯಾನೆಲ್‌ಗಳೇ ಜಾಸ್ತಿ ಬೇಗ ಸೊರಗ್ತಾವೆ ಅಂತ ಅದ್ರಲ್ಲೂ ಕಂಡಿದೆ. ನನಗೇನೂ ಆಶ್ಚರ್ಯ ಆಗಲಿಲ್ಲ, ಮೆಟ್ಟಿಲ ಮೇಲೆ ತಲೆ ಮೇಲೆ ಹೊತ್ತು ಏರಿಸೋದನ್ನ ನೋಡಿದೀನಲ್ಲ. 540 ವ್ಯಾಟಿಂದು 27–28 ಕೆಜಿ ತೂಗುತ್ತೆ, ಇಬ್ಬರು ಎರಡು ಕಡೆ ಫ್ರೇಮ್ ಹಿಡಿದು ನಿಲ್ಲಿಸಿಕೊಂಡು ತಗೊಂಡು ಹೋಗಬೇಕು, ತಲೆ ಮೇಲೆ ಅಂಗಾತ ಇಟ್ರೆ ಮಧ್ಯದಲ್ಲಿ ಕುಲುಕಾಡಿ ಒಳಗೆ ರೊಟ್ಟಿ ಮುರೀತು ಅಂತಾನೇ ಲೆಕ್ಕ.

ನಿಮ್ಮ ಫೋಟೋ ಫ್ಯಾಕ್ಟರೀಲಿ ತೆಗೆದದ್ದು, ಟೆರೇಸ್ ಮೇಲೆ ಬಂದಾದ ಮೇಲಿಂದಲ್ಲ, ಅದು ನೆನಪಿರಲಿ.

ಪ್ರಶ್ನೆ (ಮಾಟುಂಗಾ, ಹೋಟೆಲ್ ಮಾಲೀಕರು): ಮೇಡಂ, ನಮ್ಮ ಹೋಟೆಲ್ ಮೇಲೆ 540 ವ್ಯಾಟಿನ ಹತ್ತು ಪ್ಯಾನೆಲ್ ಉಂಟು. 5.4 ಕಿಲೋವ್ಯಾಟ್ ಆಗ್ಬೇಕಲ್ಲ ಮಾರಾಯ್ರೆ, ನಡು ಮಧ್ಯಾಹ್ನ ನೋಡಿದ್ರೂ ಇನ್ವರ್ಟರಲ್ಲಿ 4.2 ದಾಟುವುದೇ ಇಲ್ಲ. ನನಗೆ ಟೋಪಿ ಹಾಕಿದ್ದಾ?

ಉತ್ತರ: ಟೋಪಿ ಹಾಕಿಲ್ಲ, ಲೆಕ್ಕ ಹೇಳಿಲ್ಲ ಅಷ್ಟೇ. 540 ಅನ್ನೋದು ಫ್ಯಾಕ್ಟರಿಯ ಕತ್ತಲೆ ಗೂಡಲ್ಲಿ ಅಳೆದ ನಂಬರು. ಸೆಲ್ 25 ಡಿಗ್ರಿ ತಂಪಿರಬೇಕು, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳಬೇಕು. ಮಾಟುಂಗಾದಲ್ಲಿ ಏಪ್ರಿಲ್ ಮಧ್ಯಾಹ್ನ ಸೆಲ್ 62 ಡಿಗ್ರಿ ಆದ್ರೆ 37 ಡಿಗ್ರಿ ಜಾಸ್ತಿ ಆಯ್ತಲ್ಲ, ಒಂದೊಂದು ಡಿಗ್ರಿಗೆ 0.35 ಪರ್ಸೆಂಟ್ ಲೆಕ್ಕದಲ್ಲಿ 13 ಪರ್ಸೆಂಟ್ ಹೋಯ್ತು, 5.4 ಇದ್ದದ್ದು 4.7ಕ್ಕೆ ಬಂತು. ಬೆಳಕು 1000 ಇಲ್ಲ, 920 ಅಂತಿಟ್ಕೊಳ್ಳಿ, 4.3. ಧೂಳು, ವೈರು, ಇನ್ವರ್ಟರ್ ತಿನ್ನೋದು ಸೇರಿಸಿದ್ರೆ ನಿಮ್ಮ 4.2 ಬಂತು ನೋಡಿ. ನಿಮ್ಮ ಸಾಂಬಾರ್ ಪಾತ್ರೆ ಅಷ್ಟು ಕರಾರುವಾಕ್ಕಾಗಿ ಇರುತ್ತೋ ಇಲ್ಲವೋ, ನಿಮ್ಮ ಪ್ಯಾನೆಲ್ ಸರಿಯಾಗೇ ಇದೆ. ಟಾಪ್‌ಕಾನ್ ಅನ್ನೋ ಹೊಸ ಥರದ ಸೆಲ್ ಇರೋ ಪ್ಯಾನೆಲ್ ಆಗಿದ್ರೆ ಡಿಗ್ರಿಗೆ 0.30 ಆಸುಪಾಸು ಬೀಳೋದು, ಸೆಕೆ ಊರಿಗೆ ಸ್ವಲ್ಪ ವಾಸಿ.

ಆದ್ರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಆ 540 ಬರೆಯೋ ಮೆಷಿನ್ ಅಂದ್ರೆ ಸನ್ ಸಿಮ್ಯುಲೇಟರು, ನಾವು ಫ್ಲಾಶರ್ ಅಂತೀವಿ. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಒಂದು ಮಿಂಚು ಹೊಡೆದು ಅಷ್ಟರಲ್ಲಿ ಕರೆಂಟ್, ವೋಲ್ಟೇಜ್ ಎಲ್ಲಾ ಅಳೆದು ಒಂದು ಗೆರೆ ಬರೆಯುತ್ತೆ. ಅದನ್ನ ಸರಿಮಾಡೋಕೆ ಲ್ಯಾಬಿಂದ ಅಳೆಸಿ ತಂದ ಒಂದು ಗೋಲ್ಡನ್ ಪ್ಯಾನೆಲ್ ಇರುತ್ತೆ, ಅದನ್ನ ಮಗು ಥರ ಕಬೋರ್ಡಲ್ಲಿ ಮುಚ್ಚಿಟ್ಟು ಪ್ರತಿ ಶಿಫ್ಟಲ್ಲೂ ಅದರ ತಂಗಿಯನ್ನ, ಅಂದ್ರೆ ಅದರ ಜೊತೆ ಹೋಲಿಸಿಟ್ಟ ಇನ್ನೊಂದು ಪ್ಯಾನೆಲನ್ನ, ಓಡಿಸಿ ನೋಡ್ತೀವಿ. ಫ್ಲಾಶರ್ ಎರಡು ಪರ್ಸೆಂಟ್ ಜಾಸ್ತಿ ತೋರಿಸ್ತಿದ್ರೆ ಅವತ್ತಿನ ಅಷ್ಟೂ ಪ್ಯಾನೆಲ್ ಮೇಲೆ ಇಲ್ಲದ ವ್ಯಾಟು ಬರೆದು ಹೋಗುತ್ತೆ, ನಿಮ್ಮ ಹತ್ತು ಪ್ಯಾನೆಲಿಗೆ 108 ವ್ಯಾಟು. ಟೆಂಪರೇಚರ್ ಸೆನ್ಸರ್ ಕೂಡ ಆಟ ಆಡುತ್ತೆ, ಪ್ಯಾನೆಲ್ 25 ಡಿಗ್ರಿ ಇದ್ರೂ ಅದು 35 ಅಂತ ಓದಿಬಿಟ್ರೆ ಸಾಫ್ಟ್‌ವೇರು "ಪಾಪ ಬಿಸಿಯಾಗಿದೆ" ಅಂತ ಮೂರೂವರೆ ಪರ್ಸೆಂಟ್ ಸೇರಿಸಿ ಕೊಟ್ಟುಬಿಡುತ್ತೆ. ಒಂದು ಸಲ ನಮ್ಮಲ್ಲೇ ರಾತ್ರಿ ಶಿಫ್ಟಲ್ಲಿ ಎಲ್ಲಾ ಪ್ಯಾನೆಲ್ಲೂ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಮೇಲಿನ ವ್ಯಾಟಿಗೆ ಹೋಗೋಕೆ ಶುರುವಾಯ್ತು, ಪ್ರೊಡಕ್ಷನ್‌ನವರಿಗೆ ಹಬ್ಬ, ನಾನು ಮಾತ್ರ ಬೆಳಿಗ್ಗೆ ಬಂದು ಎಲ್ಲಾ ನಿಲ್ಲಿಸಿ ಬೈಸಿಕೊಂಡೆ. ಹೊಸ ಟಾಪ್‌ಕಾನ್, ಎಚ್‌ಜೆಟಿ ಸೆಲ್‌ಗಳಿಗೆ ಇನ್ನೊಂದು ಫಜೀತಿ, ಅವು ಕೆಪಾಸಿಟರ್ ಥರ ಚಾರ್ಜ್ ಹಿಡಿದಿಟ್ಕೋತಾವೆ, ಹಳೇ ಸಣ್ಣ ಮಿಂಚಿನ ಮೆಷಿನಲ್ಲಿ ಅಳೆದ್ರೆ ನಂಬರು ತಪ್ಪು ಬರುತ್ತೆ, ಮಿಂಚು ಉದ್ದ ಬೇಕು.

ಪ್ರಶ್ನೆ (ವಾಸ್ಕೊ, ಗೋವಾ): ಅಕ್ಕಾರ ನಮಸ್ಕಾರ್ರಿ. ನಾವು ವಿಜಾಪುರದವರು, ಇಲ್ಲಿ ಬಂದು ಮನಿ ಕಟ್ಟೀವಿ. ಸಮುದ್ರ ಭಾಳ ಹತ್ರ ಐತಿ, ಗೇಟು, ಗ್ರಿಲ್ಲು ಎಲ್ಲಾ ಎರಡು ವರ್ಷಕ್ಕ ತುಕ್ಕು ಹಿಡೀತಾವು. ಪ್ಯಾನೆಲ್ ಹಾಕಿಸಿದ್ರ ಉಳೀತಾವೇನ್ರಿ?

ಉತ್ತರ: ಉಳೀತಾವ್ರಿ ಅಣ್ಣಾರ, ಆದ್ರೆ ಪ್ಯಾನೆಲಿಗಿಂತ ಮೊದಲು ಅದನ್ನ ಹಿಡಿದಿರೋ ನಟ್ಟು ಬೋಲ್ಟು ಸಾಯ್ತಾವೆ. ಉಪ್ಪಿನ ಗಾಳಿಗೆ ಅಂತಲೇ ಐಇಸಿ 61701 ಅನ್ನೋ ಪರೀಕ್ಷೆ ಇದೆ, ಉಪ್ಪುನೀರಿನ ಮಂಜು ಸಿಂಪಡಿಸಿ ಸಿಂಪಡಿಸಿ ನೋಡ್ತಾರೆ, ನಿಮ್ಮ ಜಾಗಕ್ಕೆ ಆ ಸರ್ಟಿಫಿಕೇಟ್ ಇರೋ ಮಾಡೆಲ್ಲೇ ಕೇಳಿ. ಸ್ಟ್ರಕ್ಚರ್ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು (ಕರಗಿದ ಝಿಂಕಲ್ಲಿ ಅದ್ದಿದ್ದು) ಇರಲಿ, ಕಟ್ ಮಾಡಿದ ತುದಿಗೆ, ಡ್ರಿಲ್ ಹೊಡೆದ ತೂತಿಗೆ ಝಿಂಕ್ ಪೇಂಟ್ ಹಚ್ಚಿಸಿ, ಅಲ್ಲಿಂದಲೇ ತುಕ್ಕು ಶುರುವಾಗೋದು. ಬೋಲ್ಟು ಸ್ಟೇನ್‌ಲೆಸ್, ಆದ್ರೆ 316 ಗ್ರೇಡು, ಸಮುದ್ರದ ಪಕ್ಕ 304 ಸಾಲಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಬರೀ ಕಬ್ಬಿಣ ನೇರ ತಾಗಿಸಿದ್ರೆ ಉಪ್ಪುನೀರು ಸೇರಿ ಒಂದು ಬ್ಯಾಟರಿನೇ ಆಗಿ ಅಲ್ಯೂಮಿನಿಯಂ ಕರಗ್ತಾ ಹೋಗುತ್ತೆ.

ಕನೆಕ್ಟರ್ ಎರಡೂ ಕಡೆ ಒಂದೇ ಕಂಪನೀದು ಇರಬೇಕು, ಬೇರೆ ಬೇರೆ ಜೋಡಿಸಿದ್ರೆ ಕೂರುತ್ತೆ, ಆದ್ರೆ ಒಳಗೆ ತೇವ ಹೋಗಿ ಕಪ್ಪಾಗಿ ಬಿಸಿಯಾಗಿ ಸುಡುತ್ತೆ. ಗೋವಾದಂಥ ತೇವದ ಊರಲ್ಲಿ ಪಿಐಡಿ ಅನ್ನೋ ಇನ್ನೊಂದು ಕಾಯಿಲೆ ಇದೆ, ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಹೈ ವೋಲ್ಟೇಜಿಗೂ ಅರ್ಥ್ ಆಗಿರೋ ಫ್ರೇಮಿಗೂ ಮಧ್ಯೆ ಒದ್ದೆ ಗಾಜಿನ ಮೂಲಕ ಸಣ್ಣಗೆ ಕರೆಂಟ್ ಸೋರಿ ಸೆಲ್ ನಿಶ್ಶಕ್ತಿ ಆಗೋದು. ಅದಕ್ಕೂ ಪರೀಕ್ಷೆ ಇದೆ, ಐಇಸಿ 62804. ಬಜೆಟ್ ಇದ್ರೆ ಎರಡೂ ಕಡೆ ಗಾಜು ಇರೋದನ್ನ ತಗೋರಿ, ಹಿಂದಿನಿಂದ ತೇವ ನುಗ್ಗೋ ದಾರಿ ಕಡಿಮೆ.

ಪ್ರಶ್ನೆ (ಪುಣೆ, ಡಿಪ್ಲೊಮಾ ವಿದ್ಯಾರ್ಥಿ): ಮೇಡಂ, ಮೆಕ್ಯಾನಿಕಲ್ ಕೊನೇ ವರ್ಷ. ಸೋಲಾರ್ ಪ್ಯಾನೆಲ್ ಕಂಪನೀಲಿ ಕೆಲಸ ಸಿಗುತ್ತಾ? ಪರ್ಕ್, ಟಾಪ್‌ಕಾನ್ ಅಂತೆಲ್ಲಾ ಓದಿ ತಲೆ ತಿರುಗ್ತಿದೆ. ನಿಜವಾಗ್ಲೂ ಲೈನಲ್ಲಿ ಏನು ಕೆಲಸ ಇರುತ್ತೆ?

ಉತ್ತರ: ಪರ್ಕ್ ಟಾಪ್‌ಕಾನ್ ಎಲ್ಲಾ ಸೆಲ್ಲಿನ ಬೇರೆ ಬೇರೆ ಡಿಸೈನು, ಅದು ಸೆಲ್ ಮಾಡೋರ ತಲೆನೋವು ಕಣಪ್ಪ. ಮರಳಿನಂಥ ಸಿಲಿಕಾದಿಂದ ಸಿಲಿಕಾನ್, ಅದನ್ನ ಶುದ್ಧ ಮಾಡಿ ಪಾಲಿಸಿಲಿಕಾನ್, ಅದನ್ನ ಕರಗಿಸಿ ತಿರುಗಿಸ್ತಾ ಮೇಲಕ್ಕೆ ಎಳೆದು ಕಂಬ, ಕಂಬವನ್ನ ವಜ್ರದ ಪುಡಿ ಹಚ್ಚಿದ ತಂತಿಯಿಂದ ಕೊಯ್ದು ಬಿಲ್ಲೆ, ಬಿಲ್ಲೆಯಿಂದ ಸೆಲ್. ಈ ಸರಪಳೀಲಿ ನಮ್ಮ ದೇಶದಲ್ಲಿ ತುಂಬಾ ಇರೋದು ಕೊನೇ ಮೆಟ್ಟಿಲು, ಸೆಲ್ ತಂದು ಪ್ಯಾನೆಲ್ ಜೋಡಿಸೋದು, ಸೆಲ್ ಮಾಡೋದೂ ಈಗ ಬೆಳೀತಾ ಇದೆ. ಸರ್ಕಾರದ ಎಎಲ್‌ಎಂಎಂ ಪಟ್ಟಿ, ಅಂದ್ರೆ ಒಪ್ಪಿಗೆ ಸಿಕ್ಕ ಮಾಡೆಲ್ ಮತ್ತೆ ತಯಾರಕರ ಪಟ್ಟಿ, 2019ರ ಆದೇಶದಿಂದ ಬಂದದ್ದು ಪ್ಯಾನೆಲಿಗೆ, ಸೆಲ್ಲಿಗೂ ಅಂಥದೇ ಪಟ್ಟಿ 2026ರ ಜೂನಿಂದ ಅಂತ ಇಟ್ಟಿದ್ದಾರೆ, ಹಾಗಾಗಿ ನಿನ್ನಂಥೋರಿಗೆ ಕೆಲಸ ಇದೆ.

ಲೈನಲ್ಲಿ ನಿನ್ನ ಮೆಕ್ಯಾನಿಕಲ್ ಓದು ಬೇಕಾಗೋದು ಎರಡು ಕಡೆ. ಒಂದು ಸ್ಟ್ರಿಂಗರ್, ಅಂದ್ರೆ ಸೆಲ್‌ಗಳಿಗೆ ತಾಮ್ರದ ರಿಬ್ಬನ್ ಬೆಸುಗೆ ಹಾಕಿ ಸರ ಮಾಡೋ ಮೆಷಿನು. ಬಿಸಿ ಜಾಸ್ತಿ ಆದ್ರೆ ಸೆಲ್ ಬಿರುಕು, ಕಡಿಮೆ ಆದ್ರೆ ಬೆಸುಗೆ ಕೂರಲ್ಲ, ರಿಬ್ಬನ್ ಎಳೆದು ನೋಡೋ ಪರೀಕ್ಷೆ ಪ್ರತಿ ಶಿಫ್ಟಲ್ಲೂ ಮಾಡ್ಬೇಕು. ಇನ್ನೊಂದು ಲ್ಯಾಮಿನೇಟರ್, ನನ್ನ ಪ್ರಕಾರ ಫ್ಯಾಕ್ಟರಿಯ ಅಡುಗೆಮನೆ ಅದೇ. ಗಾಜು, ಇವಿಎ, ಸೆಲ್ಲು, ಮತ್ತೆ ಇವಿಎ, ಬ್ಯಾಕ್‌ಶೀಟು ಇಷ್ಟನ್ನ ಒಂದರ ಮೇಲೊಂದು ಇಟ್ಟು, ಗಾಳಿ ಹೀರಿ, 145–150 ಡಿಗ್ರಿ ಆಸುಪಾಸಲ್ಲಿ ಒತ್ತಿ ಬೇಯಿಸೋದು. ಇವಿಎ ಬೇಯುವಾಗ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು. ಹೆಣೆದಿದೆಯಾ ಅಂತ ನೋಡೋಕೆ ಒಂದು ತುಂಡು ಕತ್ತರಿಸಿ ತೂಕ ಮಾಡಿ, ಝೈಲೀನ್ ಅನ್ನೋ ಕೆಮಿಕಲಲ್ಲಿ ಗಂಟೆಗಟ್ಟಲೆ ಕುದಿಸಿ, ಒಣಗಿಸಿ ಮತ್ತೆ ತೂಕ ಮಾಡ್ತೀವಿ. ಬೇಯದೇ ಇದ್ದದ್ದು ಕರಗಿ ಹೋಗಿರುತ್ತೆ, ಉಳಿದದ್ದು ಜೆಲ್ ಕಂಟೆಂಟು, ಅದು 80 ಪರ್ಸೆಂಟ್ ಆಸುಪಾಸು ಬಂದ್ರೆ ಸಮಾಧಾನ. ಒಂದು ಜುಲೈನಲ್ಲಿ ಚಾಕಣಲ್ಲಿ ಮೂರು ದಿನ ಬಿಡದೆ ಮಳೆ, ಯಾರೋ ಇವಿಎ ರೋಲ್ ಪ್ಯಾಕ್ ಬಿಚ್ಚಿ ಹಾಗೇ ಬಿಟ್ಟು ಹೋಗಿದ್ರು, ಅದೇ ರೋಲ್ ಮಾರನೇ ದಿನ ಲೈನಿಗೆ ಬಂತು. ಜೆಲ್ 62 ಬಂತು. ಅಷ್ಟರಲ್ಲಿ 46 ಪ್ಯಾನೆಲ್ ಆಗಿಹೋಗಿತ್ತು, ನೋಡೋಕೆ ಒಂದೊಂದೂ ಕನ್ನಡಿ ಹಾಗೆ, ಫ್ಲಾಶಲ್ಲೂ ಪಾಸು, ಇಎಲಲ್ಲೂ ಪಾಸು. ಆ 46ನ್ನೂ ಹೋಲ್ಡ್ ಹಾಕಿದ್ವಿ. ಅವು ಹೊರಗೆ ಹೋಗಿದ್ರೆ ಕೆಲವು ವರ್ಷದ ಮೇಲೆ ಪದರ ಬಿಟ್ಟುಕೊಂಡು, ತೇವ ನುಗ್ಗಿ, ಇವಿಎ ಹುಳಿಯಾಗಿ ಅಸಿಟಿಕ್ ಆಸಿಡ್ ಬಿಟ್ಟು ಬೆಳ್ಳಿ ಗೆರೆಗಳನ್ನ ತಿಂದು ಹಾಕ್ತಿತ್ತು. ತೇವಕ್ಕೆ ಸೂಕ್ಷ್ಮ ಇರೋ ಟಾಪ್‌ಕಾನಿಗೆ ಪಿಒಇ ಅನ್ನೋ ಹುಳಿಯಾಗದ ಶೀಟು ಬಳಸೋದು ಇದಕ್ಕೇ.

ಓದೋದಾದ್ರೆ ಕರೆಂಟ್–ವೋಲ್ಟೇಜ್ ಕರ್ವ್ ಓದೋದು ಕಲಿ, ಕಂಟ್ರೋಲ್ ಚಾರ್ಟ್ ಹಾಕೋದು ಕಲಿ. ಪೊವಾಯಿ ಐಐಟೀಲಿ 2010ರಿಂದ ಎನ್‌ಸಿಪಿಆರ್‌ಇ ಇದೆ, ಅವರ ಟ್ರೇನಿಂಗ್ ಏನಾದ್ರೂ ಇದ್ರೆ ಬಿಡಬೇಡ. ಇಂಟರ್‌ವ್ಯೂನಲ್ಲಿ "ಟಾಪ್‌ಕಾನ್ ಅಂದ್ರೇನು" ಅಂತ ಕೇಳಿದ್ರೆ ಎನ್ ಟೈಪ್ ಬಿಲ್ಲೆ, ಹಿಂದುಗಡೆ ಒಂದೂವರೆ ನ್ಯಾನೊಮೀಟರ್ ಆಸುಪಾಸು ಆಕ್ಸೈಡ್ ಪದರ, ಅದರ ಮೇಲೆ ಪಾಲಿಸಿಲಿಕಾನ್ ಅಂತ ಹೇಳಿಬಿಡು, ಅಷ್ಟು ಸಾಕು.

ಪ್ರಶ್ನೆ (ಮುಲುಂಡ್): ಪ್ಯಾನೆಲ್ ಸರಿ ಇದೆಯಾ ಅಂತ ಮನೇಲೇ ಟೆಸ್ಟ್ ಮಾಡೋಕಾಗುತ್ತಾ?

ಉತ್ತರ: ಜೋಡಿಸೋ ಮೊದಲು ಒಂಟಿ ಪ್ಯಾನೆಲ್ ಆದ್ರೆ ಆಗುತ್ತೆ. ಬಿಸಿಲಲ್ಲಿಟ್ಟು ಡಿಸಿ ಮಲ್ಟಿಮೀಟರಲ್ಲಿ ವೋಲ್ಟೇಜ್ ನೋಡಿ. ಲೇಬಲ್ ಮೇಲೆ ಓಪನ್ ಸರ್ಕ್ಯೂಟ್ 49.5 ವೋಲ್ಟ್ ಅಂತ ಇದ್ರೆ 60 ಡಿಗ್ರಿ ಬಿಸಿಯಾದ ಪ್ಯಾನೆಲಲ್ಲಿ 45ರ ಹತ್ರ ಬರುತ್ತೆ, ಅದು ಸರಿ. 30ರ ಹತ್ರ ಬಂದ್ರೆ ಒಂದು ಡಯೋಡು ಹೋಗಿದೆ. ಇದರಿಂದ ಬಿರುಕು ಗೊತ್ತಾಗಲ್ಲ, ವೋಲ್ಟೇಜ್ ಅಷ್ಟು ಸುಲಭಕ್ಕೆ ಬೀಳಲ್ಲ. ಜೋಡಿಸಿ ಆದ ಮೇಲೆ ಮಾತ್ರ ಕೈ ಹಾಕಬೇಡಿ, ಹತ್ತು ಪ್ಯಾನೆಲ್ ಸಾಲಲ್ಲಿ 500 ವೋಲ್ಟ್ ಹತ್ರ ಡಿಸಿ ಇರುತ್ತೆ, ಓಡ್ತಾ ಇರುವಾಗ ಕನೆಕ್ಟರ್ ಎಳೆದ್ರೆ ಕಿಡಿ ಆರೋದೇ ಇಲ್ಲ. ಅಷ್ಟು ಬೇಕಾದ್ರೆ ಕ್ಲ್ಯಾಂಪ್ ಮೀಟರ್ ಇರೋ ಎಲೆಕ್ಟ್ರಿಶಿಯನ್ನ ಕರೆಸಿ ಎರಡು ಸಾಲಿನ ಕರೆಂಟ್ ಹೋಲಿಸಿ.

ಪ್ರಶ್ನೆ (ಠಾಣೆ): ನಮ್ಮತ್ತೆ ದೃಷ್ಟಿ ಆಗುತ್ತೆ ಅಂತ ಪ್ಯಾನೆಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದಾರೆ. ಪಕ್ಕದ ಮನೆಯವರು ಪಾಡ್ವಾಗೆ (ಯುಗಾದಿಗೆ) ಗುಡಿ, ಅಂದ್ರೆ ಬಟ್ಟೆ ಕಟ್ಟಿದ ಕೋಲು, ಏರಿಸಿದ್ರು, ಅದರ ನೆರಳೂ ಬಿತ್ತು. ಏನಾದ್ರೂ ತೊಂದರೇನಾ?

ಉತ್ತರ: ಗುಡಿ ಒಂದು ದಿನದ್ದು, ಬಿಡಿ. ನಿಂಬೆಹಣ್ಣು ದಿನಾ ಅದೇ ಸೆಲ್ ಮೇಲೆ ನೆರಳು ಹಾಕುತ್ತಲ್ಲ, ಅದು ತೊಂದರೆ. ಸರದಲ್ಲಿ ಒಂದು ಸೆಲ್ ನೆರಳಲ್ಲಿದ್ರೆ ಮಿಕ್ಕ ಸೆಲ್‌ಗಳ ಕರೆಂಟು ಅದರೊಳಗೆ ನುಗ್ಗೋಕೆ ನೋಡಿ ಅದು ಬಿಸಿಯಾಗುತ್ತೆ, ಹಾಟ್ ಸ್ಪಾಟ್ ಅಂತೀವಿ. ಅದನ್ನ ತಪ್ಪಿಸೋಕೆ ಜಂಕ್ಷನ್ ಬಾಕ್ಸಲ್ಲಿ ಮೂರು ಬೈಪಾಸ್ ಡಯೋಡ್ ಇರ್ತಾವೆ, ನೆರಳು ಜೋರಾದಾಗ ಆ ಭಾಗದ ಸೆಲ್‌ಗಳನ್ನ ಬಿಟ್ಟು ಕರೆಂಟು ಬೇರೆ ದಾರೀಲಿ ಹೋಗುತ್ತೆ. ಒಂದು ನಿಂಬೆಹಣ್ಣಿಗೆ ಅಷ್ಟೊಂದು ಸೆಲ್‌ಗಳ ಕರೆಂಟು ಕಳ್ಕೊಳ್ಳೋದು ಯಾಕೆ? ಅತ್ತೆಯವರಿಗೆ ಬೇಡ ಅನ್ನೋಕೆ ಹೋಗಬೇಡಿ, ಕೆಳಗೆ ಸ್ಟ್ರಕ್ಚರಿನ ಕಾಲಿಗೆ ಕಟ್ಟಿಸಿ, ಅಥವಾ ಇನ್ವರ್ಟರ್ ಪಕ್ಕದ ಗೋಡೆಗೆ.